ಅನ್ನವನ್ನು ಮುಟ್ಟದ ನರಗಳು

(ಬಾನುಲಿ ಭಾಷಣ)

ತುತ್ತು ಬಾಯಲ್ಲಿರುವಷ್ಟು ಹೊತ್ತು ಅದರ ಸಕಲ ಸಮಾಚಾರವೂ ನಮಗೆ ತಿಳಿದಿರುತ್ತದೆ. ಉಪ್ಪು ಮುಂದಾಯಿತೆ, ಹುಳಿ ಸಾಲದಾಯಿತೆ, ಅನ್ನ ಮುದ್ದೆಗಟ್ಟಿದೆಯೆ, ಸಾರು ಆರಿಹೋಗಿದೆಯೆ ಎಂದು ನಾಲಿಗೆ ಒಂದನ್ನೂ ಬಿಡದೆ ವರದಿ ಒಪ್ಪಿಸುತ್ತದೆ. ಅದೇ ತುತ್ತು ಗಂಟಲನ್ನು ದಾಟಿತೋ, ಮುಂದಿನದೆಲ್ಲ ನಮ್ಮ ಅರಿವಿನ ಆಚೆಗೆ ನಡೆಯುವ ವ್ಯವಹಾರ. ಜಠರದಲ್ಲಿ ಅರೆದು ಗಂಜಿಯಾಗಿ, ಇಪ್ಪತ್ತು ಅಡಿಗಳಷ್ಟು ಉದ್ದದ ಸಣ್ಣಕರುಳನ್ನು ಸುತ್ತಿ, ದೊಡ್ಡಕರುಳನ್ನು ಹಾಯ್ದು ಹೋಗುವ ಈ ಪ್ರಯಾಣ ಒಂದು ಹಗಲು ಒಂದು ರಾತ್ರಿಯನ್ನೂ ಮೀರಿ ನಡೆಯುತ್ತದೆ. ಅಷ್ಟು ಹೊತ್ತೂ ನಾವು ಕಛೇರಿಗೆ ಹೋಗಿ ಬರುತ್ತೇವೆ, ನಿದ್ದೆ ಮಾಡುತ್ತೇವೆ, ಕಾದಂಬರಿ ಓದುತ್ತೇವೆ.

ನಮಗೆ ತಿಳಿಯದಿದ್ದರೂ ಕರುಳಿಗೆ ತಿಳಿದಿರುತ್ತದೆ. ಬಂದದ್ದು ಆಮ್ಲವೋ, ಕೊಬ್ಬೋ, ಸಕ್ಕರೆಯೋ, ಕೆಟ್ಟ ಪದಾರ್ಥವೋ ಎಂಬುದನ್ನು ಅದು ಕ್ಷಣದಲ್ಲಿ ಗೊತ್ತುಮಾಡಿಕೊಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಒಮ್ಮೆ ತಡೆದು ನಿಲ್ಲಿಸುತ್ತದೆ, ಒಮ್ಮೆ ಮುಂದಕ್ಕೆ ನೂಕುತ್ತದೆ, ಒಮ್ಮೆ ನೀರು ಸುರಿದು ತೊಳೆದುಬಿಡುತ್ತದೆ. ಈ ತಿಳಿವಳಿಕೆ ಅದಕ್ಕೆ ಬರುವುದು ಎಲ್ಲಿಂದ? ಕರುಳಿನ ಒಳಪದರಕ್ಕೆ ಹಬ್ಬಿರುವ ನರಗಳಿಂದ ಎಂದು ಯಾರಾದರೂ ಉತ್ತರ ಹೇಳಿಯಾರು. ಆ ಉತ್ತರ ಸರಿಯೇ. ಆದರೆ ಅದರೊಳಗೆ ಒಂದು ತೊಡಕಿದೆ. ಆ ತೊಡಕನ್ನು ಬಿಡಿಸಲು ಶಾಸ್ತ್ರಜ್ಞರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಭಾಷೆ ಕರುಳಿಗೆ ನೋಯುವ ಶಕ್ತಿಯನ್ನು ಧಾರಾಳವಾಗಿ ಕೊಟ್ಟಿದೆ. ಕೂಸಿನ ಅಳು ಕೇಳಿದರೆ ತಾಯಿಯ ಕರುಳು ಚುರುಕ್ಕೆನ್ನುತ್ತದೆ. ದುಃಖ ಹೆಚ್ಚಾದರೆ ಕರುಳು ಕಿತ್ತುಬರುತ್ತದೆ. ದಯೆಯಿಲ್ಲದವನನ್ನು ಕರುಳಿಲ್ಲದವನೆಂದು ಹಳಿಯುತ್ತೇವೆ. ಶರೀರಶಾಸ್ತ್ರದ ಪಾಠ ಹೇಳುತ್ತ ಬಂದ ನನಗೆ ಈ ಮಾತುಗಳನ್ನು ಕೇಳಿದಾಗಲೆಲ್ಲ ಒಂದು ವಿಚಿತ್ರ ನೆನಪಾಗುತ್ತದೆ. ಆರೋಗ್ಯವಾಗಿರುವ ಕರುಳಿನ ಒಳಪದರವನ್ನು ಚಿವುಟಿದರೂ ನೋವಾಗುವುದಿಲ್ಲ. ದೊಡ್ಡಕರುಳಿನೊಳಕ್ಕೆ ನಳಿಗೆಯಿಳಿಸಿ ಪರೀಕ್ಷಿಸುವ ವೈದ್ಯರು ಒಳಪದರದಿಂದ ಎಳ್ಳಿನಷ್ಟು ಚೂರನ್ನು ಕಿತ್ತು ತೆಗೆಯುವಾಗ ಎಚ್ಚರದಲ್ಲಿರುವ ರೋಗಿಗೂ ಅದರ ಅರಿವಾಗುವುದಿಲ್ಲ. ಅದೇ ಕರುಳಿಗೆ ಗಾಳಿ ತುಂಬಿ ಉಬ್ಬಿಸಿದರೆ ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತಾನೆ. ಅಂದಮೇಲೆ ಅಲ್ಲಿ ನರಗಳಿವೆ. ಆದರೆ ಅವು ಚರ್ಮದ ನರಗಳ ಭಾಷೆಯನ್ನು ಆಡುವುದಿಲ್ಲ.

ಕರುಳಿನ ಗೋಡೆ ಹೇಗಿದೆಯೆಂಬುದನ್ನು ಸ್ವಲ್ಪ ನೋಡೋಣ. ಹೊರಗಡೆ ಎರಡು ಸ್ನಾಯುಪದರಗಳು, ಒಂದು ಉದ್ದಕ್ಕೆ, ಒಂದು ಸುತ್ತಲೂ ಬಳೆಯಂತೆ. ಅವುಗಳ ಒಳಗೆ ರಕ್ತನಾಳಗಳು ಹರಿದಾಡುವ ಸಡಿಲವಾದ ಒಂದು ಹಾಸು. ಎಲ್ಲಕ್ಕಿಂತ ಒಳಗೆ, ಅನ್ನಕ್ಕೆ ಎದುರಾಗಿ, ಲೋಳೆಪೊರೆ. ಸಣ್ಣಕರುಳಿನಲ್ಲಿ ಈ ಪೊರೆ ಮಖಮಲ್ಲಿನಂತೆ ಕಾಣುತ್ತದೆ. ಒಂದು ಮಿಲಿಮೀಟರಿಗಿಂತ ಎತ್ತರವಿಲ್ಲದ, ಬೆರಳಿನಂಥ ಲಕ್ಷಾಂತರ ಚಾಚುಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಇವಕ್ಕೆ ವಿಲ್ಲಸ್ ಎಂದು ಹೆಸರು. ಒಂದೊಂದು ಬೆರಳಿನ ಮೈಗೂ ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ.

1857ರಲ್ಲಿ ಜರ್ಮನಿಯ ಗೆಯೋರ್ಗ್ ಮೈಸ್ನರ್ ಎಂಬ ಅಂಗರಚನಾಶಾಸ್ತ್ರಜ್ಞ ಲೋಳೆಪೊರೆಯ ಕೆಳಗಿನ ಸಡಿಲ ಹಾಸಿನಲ್ಲಿ ನರಗಳ ಒಂದು ಬಲೆಯನ್ನು ಕಂಡು ವರ್ಣಿಸಿದ. ಕೆಲವೇ ವರ್ಷಗಳ ಅನಂತರ ಬ್ರೆಸ್ಲೌ ನಗರದ ಲಿಯೋಪೋಲ್ಡ್ ಆವರ್‌ಬಾಖ್ ಎರಡು ಸ್ನಾಯುಪದರಗಳ ನಡುವೆ ಹಾಸಿಕೊಂಡಿದ್ದ ಇನ್ನೂ ದೊಡ್ಡ ಬಲೆಯನ್ನು ತೋರಿಸಿದ. ಬಲೆಯ ಗಂಟುಗಂಟಿನಲ್ಲೂ ನರಕೋಶಗಳ ಗುಂಪು. ಮನುಷ್ಯನ ಅನ್ನಮಾರ್ಗದಲ್ಲಿ ಇಂಥ ನರಕೋಶಗಳು 10 ಕೋಟಿಯಿಂದ 50 ಕೋಟಿಯವರೆಗೆ ಇರಬಹುದೆಂಬುದು ಇಂದಿನ ಅಂದಾಜು. ಬೆನ್ನುಹುರಿಯಲ್ಲಿರುವ ನರಕೋಶಗಳ ಜೊತೆಗೆ ಹೋಲಿಸಬಹುದಾದ ಸಂಖ್ಯೆ ಇದು.

ಮೈಸ್ನರನ ಬಲೆಯಿಂದ ಸಣ್ಣ ಎಳೆಗಳು ಹೊರಟು ಪ್ರತಿಯೊಂದು ವಿಲ್ಲಸಿನ ಒಳಗೂ ಏರುತ್ತವೆ. ಮಿದುಳಿನಿಂದ ಬರುವ ವೇಗಸ್ ನರದ ಎಳೆಗಳೂ ಅಲ್ಲಿಗೆ ತಲುಪುತ್ತವೆ. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ತಲೆಯಿಂದ ಹೊರಟು ಎದೆ ಹೊಟ್ಟೆಗಳಲ್ಲೆಲ್ಲ ಅಲೆಯುವ ನರಕ್ಕೆ ಹಿರಿಯರು ಕೊಟ್ಟ ಹೆಸರು ಚೆನ್ನಾಗಿಯೇ ಇದೆ. ಇನ್ನು ತೊಡಕಿನ ಮಾತು. ಈ ಎಳೆಗಳಲ್ಲಿ ಒಂದೂ ಜೀವಕೋಶಗಳ ಹೊದಿಕೆಯನ್ನು ತೂರಿಕೊಂಡು ಆಚೆಗೆ ಚಾಚುವುದಿಲ್ಲ. ಹೊದಿಕೆಯ ದಪ್ಪ ಒಂದು ಮಿಲಿಮೀಟರಿನ ಮೂವತ್ತು ನಲವತ್ತರಲ್ಲಿ ಒಂದು ಪಾಲು ಮಾತ್ರ. ಆದರೂ ನರ ಅದರ ಈಚೆಗೆ ನಿಲ್ಲುತ್ತದೆ. ಅನ್ನ ಆಚೆಗಿದೆ, ಅದನ್ನು ಅರಿಯಬೇಕಾದ ನರ ಈಚೆಗಿದೆ. ನಡುವೆ ಗೋಡೆ. ಇದು ಯುಕ್ತವೂ ಹೌದು ಎನ್ನಬೇಕು. ಆಮ್ಲ, ಪಿತ್ತರಸ, ಮಾಂಸವನ್ನೇ ಕರಗಿಸುವ ಜೀರ್ಣರಸಗಳು ಹರಿಯುವ ಕಾಲುವೆಗೆ ಬತ್ತಲೆ ನರವನ್ನು ಚಾಚಿದರೆ ಅದು ಎಷ್ಟು ಹೊತ್ತು ಬದುಕೀತು?

ಗೋಡೆಯಾಚೆಯ ಸುದ್ದಿ ಈಚೆಗೆ ಬರುವ ಬಗೆಯನ್ನು ಕೇಳುವ ಮೊದಲು, ಸುದ್ದಿ ಹೋಗುವುದು ಯಾರಿಗೆ ಎಂಬುದನ್ನು ಇತ್ಯರ್ಥಮಾಡಬೇಕಿತ್ತು. ಅದನ್ನು ಮಾಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಬೇಲಿಸ್ ಮತ್ತು ಸ್ಟಾರ್ಲಿಂಗ್. ಸ್ಟಾರ್ಲಿಂಗನ ತಂಗಿಯನ್ನು ಬೇಲಿಸ್ ಮದುವೆಯಾಗಿದ್ದುದರಿಂದ ಇವರು ಭಾವಮೈದುನರು. 1899ರಲ್ಲಿ ಅವರು ಅರಿವಳಿಕೆ ಕೊಟ್ಟ ನಾಯಿಗಳಲ್ಲಿ ಕರುಳಿಗೆ ಹೊರಗಿನಿಂದ ಬರುವ ಎಲ್ಲ ನರಗಳನ್ನೂ ಕತ್ತರಿಸಿದರು. ಮಿದುಳಿಗೂ ಕರುಳಿಗೂ ಸಂಬಂಧ ಕಡಿದುಹೋಯಿತು. ಆಮೇಲೆ ಕರುಳಿನೊಳಗೆ ಒಂದು ಸಣ್ಣ ಉಂಡೆಯನ್ನಿಟ್ಟು ನೋಡಿದರೆ, ಉಂಡೆಯ ಮೇಲುಗಡೆ ಕರುಳು ಬಿಗಿಯಿತು, ಕೆಳಗಡೆ ಸಡಿಲಿತು. ಉಂಡೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಸಾಗಿತು. ನಿಕೋಟಿನನ್ನೋ ಕೊಕೇನನ್ನೋ ಬಳಸಿ ಕರುಳಿನ ಸ್ವಂತ ನರಗಳನ್ನೇ ಮರಗಟ್ಟಿಸಿದಾಗ ಮಾತ್ರ ಈ ಕ್ರಮ ತಪ್ಪಿತು. ಕರುಳಿನಲ್ಲಿ ಅರಿಯುವ ನರ, ಆಲೋಚಿಸುವ ನರ, ಆಜ್ಞೆ ಮಾಡುವ ನರ ಎಲ್ಲವೂ ಸ್ಥಳೀಯವಾಗಿಯೇ ಇವೆಯೆಂದಾಯಿತು. ಆಲೋಚಿಸುವ ಎಂಬ ಪದವನ್ನು ನಾನು ಸಡಿಲವಾಗಿ ಬಳಸಿದ್ದೇನೆ, ಕೇಳುವವರು ಮನ್ನಿಸಬೇಕು.

1917ರಲ್ಲಿ ಜರ್ಮನಿಯ ಪೌಲ್ ಟ್ರೆಂಡೆಲೆನ್‌ಬುರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿನಿಯಿಲಿಯ ಕರುಳಿನ ತುಂಡೊಂದನ್ನು ದೇಹದಿಂದಲೇ ಹೊರಗೆ ತೆಗೆದು, ಬೆಚ್ಚನೆಯ ಲವಣದ್ರಾವಣದಲ್ಲಿ ತೂಗುಹಾಕಿ, ಒಳಗೆ ಒತ್ತಡ ಹೆಚ್ಚಿಸಿದರೆ ಅದು ತನ್ನಷ್ಟಕ್ಕೆ ಅಲೆಯಲೆಯಾಗಿ ಹಿಸುಕಿ ನೀರನ್ನು ಮುಂದಕ್ಕೆ ತಳ್ಳುವುದನ್ನು ತೋರಿಸಿದ. ಹಿಂದೆ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದೇ ಗಿನಿಯಿಲಿಯ ಕರುಳು, ಮಸಿ ಹಿಡಿಸಿದ ಕಾಗದದ ಉರುಳೆ, ಅದರ ಮೇಲೆ ಗೀರೆಳೆಯುವ ಕಡ್ಡಿ ಇವು ಪ್ರತಿ ವಿದ್ಯಾರ್ಥಿಯ ಪಾಲಿಗೂ ಬರುತ್ತಿದ್ದವು. ಒಡೆಯನಿಲ್ಲದ ಆ ಎರಡಂಗುಲದ ತುಂಡು ಗಂಟೆಗಟ್ಟಲೆ ಮಿಡಿಯುತ್ತ ಗೀರೆಳೆಯುವುದನ್ನು ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯಕ್ಕಿಂತ ಸಂಕೋಚವೇ ಹೆಚ್ಚಾಗಿತ್ತು, ಯಾರದೋ ಮನೆಯೊಳಗೆ ಹೇಳದೆ ಇಣುಕಿದಂತೆ.

ಅನ್ನಮಾರ್ಗದ ಎಲ್ಲ ಭಾಗಕ್ಕೂ ಈ ಸ್ವಾತಂತ್ರ್ಯವಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಹಟ್ಟಿಯ ದನವನ್ನೇ ನೋಡಿ. ಮೆಲುಕು ಹಾಕುವುದಕ್ಕೆ ಅದರ ಮೊದಲೆರಡು ಹೊಟ್ಟೆಗಳು ಒಂದಾದಮೇಲೊಂದು ಲೆಕ್ಕ ತಪ್ಪದಂತೆ ಕುಗ್ಗಬೇಕು. ಈ ಕುಗ್ಗುವಿಕೆ ನಡೆಯುವುದು ಮಿದುಳಿನ ಬುಡದ ಅಪ್ಪಣೆಯ ಮೇರೆಗೆ. ಎರಡೂ ಕಡೆಯ ವೇಗಸ್ ನರಗಳು ಕಡಿದರೆ ಮೆಲುಕು ನಿಂತುಹೋಗುತ್ತದೆ, ಹೊಟ್ಟೆ ಮೇವು ತುಂಬಿದ ಚೀಲವಾಗಿ ಉಳಿಯುತ್ತದೆ. ಅದೇ ದನದ ಸಣ್ಣಕರುಳಿಗೆ ಅಂಥ ಪರಾಧೀನತೆಯಿಲ್ಲ.

ಈಗ ಗೋಡೆಯ ಮಾತಿಗೆ ಬರೋಣ. 1897ರಲ್ಲಿ ಖಾರ್ಕೋವಿನ ನಿಕೊಲಾಯ್ ಕುಲ್ಚಿಟ್ಸ್ಕಿ ಕರುಳಿನ ಹೊದಿಕೆಯ ಸಾಲಿನಲ್ಲಿ, ಸಾಧಾರಣ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು, ಬುಡದ ಕಡೆಗೆ ಸಣ್ಣ ಸಣ್ಣ ಕಣಗಳನ್ನು ತುಂಬಿಕೊಂಡಿದ್ದ ಬೇರೊಂದು ಬಗೆಯ ಕೋಶಗಳನ್ನು ಗುರುತಿಸಿದ. (ಈತ ಮುಂದೆ ಝಾರ್ ದೊರೆಯ ಕೊನೆಯ ಶಿಕ್ಷಣ ಮಂತ್ರಿಯಾಗಿ, ಕ್ರಾಂತಿಯಲ್ಲಿ ಎಲ್ಲವನ್ನೂ ಕಳೆದುಕೊಂಡು, 1925ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಹೆಸರು ಉಳಿದದ್ದು ಮಂತ್ರಿಪದವಿಯಿಂದಲ್ಲ, ಈ ಕೋಶಗಳಿಂದ.) ಕಣಗಳು ಬುಡದಲ್ಲಿವೆಯೆಂಬುದು ಸಣ್ಣ ವಿಷಯವಲ್ಲ. ಜೀರ್ಣರಸ ಸುರಿಸುವ ಕೋಶ ತನ್ನ ಸರಕನ್ನು ಅನ್ನದ ಕಡೆಗೆ ಪೇರಿಸಿಟ್ಟುಕೊಂಡಿರುತ್ತದೆ. ಇದು ಅನ್ನಕ್ಕೆ ಬೆನ್ನು ತಿರುಗಿಸಿ, ಒಳಗಡೆಗೆ, ರಕ್ತನಾಳವೂ ನರದ ತುದಿಯೂ ಇರುವ ಕಡೆಗೆ ಸರಕನ್ನು ಇಟ್ಟುಕೊಂಡಿತ್ತು. ತಲೆ ಮಾತ್ರ ಅನ್ನದಲ್ಲಿ.

ಆ ಸರಕು ಏನೆಂಬುದು ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಈ ಕೋಶಗಳಿಂದ ಸ್ನಾಯುವನ್ನು ಕುಗ್ಗಿಸುವ ಒಂದು ವಸ್ತುವನ್ನು ಹಿಂಡಿ ತೆಗೆದು ಎಂಟರಮಿನ್ ಎಂದು ಕರೆದ. 1948ರಲ್ಲಿ ಅಮೆರಿಕದ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ದನದ ರಕ್ತರಸದಿಂದ ಬೇರೊಂದು ವಸ್ತುವನ್ನು ಬೇರ್ಪಡಿಸಿ ಸೆರೊಟೋನಿನ್ ಎಂದು ಹೆಸರಿಟ್ಟರು. ಎರಡೂ ಒಂದೇ ಎಂಬುದು 1952ರಲ್ಲಿ ಖಚಿತವಾಯಿತು. ಇಂದು ಪತ್ರಿಕೆಗಳಲ್ಲಿ ಮಿದುಳಿನ ಉಲ್ಲಾಸದ ವಸ್ತುವೆಂದು ಸೆರೊಟೋನಿನ್ ಹೆಸರುವಾಸಿಯಾಗಿದೆ. ವಾಸ್ತವದಲ್ಲಿ ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕರುಳಿನಲ್ಲಿದೆ. ಅದರಲ್ಲೂ ಬಹುಭಾಗ ಕುಲ್ಚಿಟ್ಸ್ಕಿಯ ಕೋಶಗಳಲ್ಲಿ.

ನರಕ್ಕೂ ಈ ವಸ್ತುವಿಗೂ ಗಂಟು ಹಾಕಿದವರು ಎಡಿತ್ ಬ್ಯುಲ್ಬ್ರಿಂಗ್ ಎಂಬ ಮಹಿಳೆ. ಹಿಟ್ಲರನ ಜರ್ಮನಿಯನ್ನು 1933ರಲ್ಲಿ ಬಿಟ್ಟು ಇಂಗ್ಲೆಂಡಿಗೆ ಬಂದು, ಆಕ್ಸ್‌ಫರ್ಡಿನಲ್ಲಿ ನೆಲೆಸಿದ್ದರು. 1958ರ ಸುಮಾರಿನಲ್ಲಿ ಅವರೂ ಅವರ ಜೊತೆಗಾರರೂ ಗಿನಿಯಿಲಿಯ ಕರುಳಿನ ಒಳಗಡೆಗೆ ಸೆರೊಟೋನಿನ್ ಹಾಕಿದಾಗ ಅಲೆಯಂಥ ಚಲನೆ ಚುರುಕಾಗುವುದನ್ನೂ, ಕರುಳಿನೊಳಗೆ ಒತ್ತಡ ಹೆಚ್ಚಿದಂತೆ ಲೋಳೆಪೊರೆ ತಾನೇ ಸೆರೊಟೋನಿನ್ನನ್ನು ಬಿಡುವುದನ್ನೂ ತೋರಿಸಿದರು. ಗೋಡೆಯಲ್ಲೊಬ್ಬ ದ್ವಾರಪಾಲಕ ಸಿಕ್ಕಿದ. ಆಚೆಗೆ ನಡೆದುದನ್ನು ಅವನು ನೋಡುತ್ತಾನೆ. ಈಚೆಗೆ ಒಂದು ಹಿಡಿ ಸೆರೊಟೋನಿನ್ ಎಸೆಯುತ್ತಾನೆ. ಕಾದಿದ್ದ ನರದ ತುದಿ ಅದನ್ನು ಹಿಡಿಯುತ್ತದೆ. ಈ ವಿವರಣೆ ಎಷ್ಟು ಅಂದವಾಗಿತ್ತೆಂದರೆ ಕರುಳಿನ ಸಕಲ ಚಲನೆಗೂ ಇದೇ ಕಾರಣವೆಂದು ಕೆಲವರು ಹಿಗ್ಗಿ ಹೇಳಿದರು. ಅದು ಅತಿಯಾಯಿತು. ಲೋಳೆಪೊರೆಯನ್ನು ಸುಲಿದು ತೆಗೆದ ಕರುಳೂ ಉಬ್ಬಿಸಿದರೆ ಹಿಸುಕುತ್ತದೆಯೆಂದು ಮುಂದೆ ಗೊತ್ತಾಯಿತು. ಎಳೆತವನ್ನು ನೇರವಾಗಿ ಅರಿಯುವ ನರಕೋಶಗಳು ಗೋಡೆಯಲ್ಲಿಯೇ ಇವೆ. ದ್ವಾರಪಾಲಕನ ಕೆಲಸ ಬಾಗಿಲಿನದು, ಮನೆಯ ಯಜಮಾನಿಕೆ ಅವನದಲ್ಲ.

ಬಾಗಿಲಿನ ಕೆಲಸವಾದರೂ ಎಷ್ಟು ದೊಡ್ಡದೆಂಬುದು ಕಾಯಿಲೆಯಲ್ಲಿ ತಿಳಿಯುತ್ತದೆ. ಕ್ಯಾನ್ಸರಿಗೆ ಸಿಸ್‌ಪ್ಲಾಟಿನ್‌ನಂಥ ಔಷಧಿ ತೆಗೆದುಕೊಂಡವರು ಹಿಂದೆ ದಿನವಿಡೀ ವಾಂತಿ ಮಾಡಿಕೊಳ್ಳುತ್ತಿದ್ದರು. ರೋಗಕ್ಕಿಂತ ಚಿಕಿತ್ಸೆಗೇ ಅಂಜಿ ನಡುವೆ ಬಿಟ್ಟುಹೋದವರುಂಟು. ಔಷಧಿ ಮಿದುಳಿಗೆ ಹತ್ತಿ ವಾಂತಿ ಬರುತ್ತದೆಂದು ಭಾವಿಸಿದ್ದರು. ಇದನ್ನು ಪರೀಕ್ಷಿಸಲು ಇಲಿಗಳಿಂದ ಪ್ರಯೋಜನವಿಲ್ಲ, ಇಲಿಗೆ ವಾಂತಿ ಮಾಡಲು ಬಾರದು. ಆದುದರಿಂದ ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯನ್ನು ಆರಿಸಿಕೊಂಡರು. 1986ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳಲ್ಲಿ, ಸೆರೊಟೋನಿನ್ನನ್ನು ಹಿಡಿಯುವ ನರದ ಒಂದು ಬಗೆಯ ಕೊಂಡಿಯನ್ನು ಮುಚ್ಚಿಬಿಟ್ಟರೆ ಫೆರೆಟ್ಟಿಗೆ ಸಿಸ್‌ಪ್ಲಾಟಿನ್ನಿನಿಂದ ವಾಂತಿಯಾಗುವುದಿಲ್ಲವೆಂದು ತಿಳಿಯಿತು. ನಡೆಯುತ್ತಿದ್ದುದು ಮುಖ್ಯವಾಗಿ ಕರುಳಿನಲ್ಲಿ. ಔಷಧಿಯ ಏಟಿಗೆ ಗಾಬರಿಯಾದ ದ್ವಾರಪಾಲಕ ಕೋಶಗಳು ತಮ್ಮಲ್ಲಿದ್ದ ಸೆರೊಟೋನಿನ್ನನ್ನೆಲ್ಲ ಚೆಲ್ಲುತ್ತಿದ್ದವು. ವಿಲ್ಲಸಿನೊಳಗಿನ ವೇಗಸ್ ಎಳೆಗಳು ಅದನ್ನು ಹಿಡಿದು ಮಿದುಳಿಗೆ ವಿಷಪ್ರಾಶನದ ಸುದ್ದಿ ಮುಟ್ಟಿಸುತ್ತಿದ್ದವು. ಆ ಕೊಂಡಿಯನ್ನು ಮುಚ್ಚುವ ಆಂಡನ್‌ಸೆಟ್ರಾನ್ ಎಂಬ ಔಷಧಿ 1990ರ ಹೊತ್ತಿಗೆ ಬಳಕೆಗೆ ಬಂತು. ಇಂದು ನಮ್ಮ ಜಿಲ್ಲಾ ಊರುಗಳ ಔಷಧಿ ಅಂಗಡಿಯಲ್ಲೂ ಅದು ದೊರೆಯುತ್ತದೆ.

ಕಾಲರಾ ರೋಗದ ಕಥೆ ಇದಕ್ಕಿಂತ ಹಳೆಯದು, ನಮ್ಮ ದೇಶದ್ದು. ಕಾಲರಾ ಕ್ರಿಮಿ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ; ಅನ್ನದ ಕಡೆಯಲ್ಲಿಯೇ ಉಳಿಯುತ್ತದೆ. ಆದರೂ ಗಂಟೆಗಳಲ್ಲಿ ರೋಗಿಯ ದೇಹದ ನೀರನ್ನೆಲ್ಲ ಬಸಿದು ಕೊಲ್ಲುತ್ತದೆ. ಅದು ಹೇಗೆಂಬುದನ್ನು ಕಂಡವರು ಕಲ್ಕತ್ತೆಯ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡಿನ ಎರಡು ತುದಿಗಳನ್ನೂ ದಾರದಿಂದ ಕಟ್ಟಿ, ಒಳಗೆ ಕ್ರಿಮಿಗಳನ್ನು ಹಾಕಿದರೆ ಆ ತುಂಡು ನೀರು ತುಂಬಿ ಬೀಗುವುದನ್ನು ಅವರು 1953ರಲ್ಲಿ ತೋರಿಸಿದರು. 1959ರಲ್ಲಿ, ಕ್ರಿಮಿಗಳನ್ನು ಪೂರ್ತಿ ಸೋಸಿ ತೆಗೆದ ದ್ರವವೊಂದೇ ಅದೇ ಪರಿಣಾಮ ಮಾಡುವುದನ್ನು ತೋರಿಸಿ, ಕೊಲೆಗಾರ ಕ್ರಿಮಿಯಲ್ಲ, ಅದು ಉಗುಳುವ ವಿಷವೆಂದು ಸಾಧಿಸಿದರು. ದಾರ, ಮೊಲ, ಸೋಸುಬಟ್ಟಲು ಇಷ್ಟರಲ್ಲಿ ಇಷ್ಟು ದೊಡ್ಡ ವಿಷಯ ಹೊರಬಿದ್ದುದು ನನಗೆ ಇಂದಿಗೂ ರೋಮಾಂಚನದ ಸಂಗತಿ. ಬದುಕಿರುವಾಗ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. 1985ರಲ್ಲಿ ಅವರು ತೀರಿಕೊಂಡರು.

ಆ ವಿಷ ಹೊದಿಕೆಯ ಕೋಶಗಳನ್ನು ಹೊಕ್ಕು ಅವುಗಳಿಂದ ಲವಣವನ್ನೂ ನೀರನ್ನೂ ಸುರಿಸುತ್ತದೆಯೆಂಬುದು ಮುಂದೆ ತಿಳಿಯಿತು. ಅಷ್ಟೇ ಆಗಿದ್ದರೆ ನರದ ಪ್ರಸ್ತಾಪ ಬೇಕಿರಲಿಲ್ಲ. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಯೋಟೆಬೊರಿಯ ಶರೀರಶಾಸ್ತ್ರಜ್ಞರು ಬೆಕ್ಕು ಮತ್ತು ಇಲಿಗಳಲ್ಲಿ ಕಾಲರಾ ವಿಷವನ್ನು ಹಾಕಿ, ಜೊತೆಗೆ ಕರುಳಿನ ನರಗಳನ್ನು ಮರಗಟ್ಟಿಸಿ ನೋಡಿದರು. ಸುರಿಯುವ ನೀರು ಬಹಳ ಮಟ್ಟಿಗೆ ಇಳಿಯಿತು. ವಿಷ ನೇರವಾಗಿ ಮಾಡುತ್ತಿದ್ದ ಕೆಲಸದ ಜೊತೆಗೆ, ಅದು ದ್ವಾರಪಾಲಕ ಕೋಶವನ್ನು ಕೆಣಕಿ ಸೆರೊಟೋನಿನ್ ಚೆಲ್ಲಿಸುತ್ತಿತ್ತು. ಸುದ್ದಿ ಮೈಸ್ನರನ ಬಲೆಗೆ ಹೋಗುತ್ತಿತ್ತು. ಬಲೆ ಸುತ್ತಮುತ್ತಲಿನ ಕೋಶಗಳಿಗೂ ನೀರು ಬಿಡಿ ಎಂದು ಆಜ್ಞೆ ಮಾಡುತ್ತಿತ್ತು. ಕರುಳು ತನಗೆ ತಿಳಿದ ಒಳ್ಳೆಯ ಕೆಲಸವನ್ನೇ ಮಾಡುತ್ತಿತ್ತು ಎನ್ನಬೇಕು. ಕೆಟ್ಟದ್ದು ಬಂದಾಗ ನೀರು ಹೊಯ್ದು ತೊಳೆಯುವುದು ಅದರ ಹಳೆಯ ಪದ್ಧತಿ. ಸಣ್ಣಪುಟ್ಟ ವಿಷಕ್ಕೆ ಆ ಪದ್ಧತಿ ಸಾಕು. ಕಾಲರಾ ವಿಷ ಮಾತ್ರ ಆಜ್ಞೆಯನ್ನು ಹಿಂತೆಗೆದುಕೊಳ್ಳಲು ಬಿಡುವುದಿಲ್ಲ.

ಇನ್ನು ಇತ್ತೀಚಿನ ಒಂದು ಸಂಗತಿ. ದ್ವಾರಪಾಲಕ ಸರಕನ್ನು ಸುಮ್ಮನೆ ಸುತ್ತಲೂ ಎರಚುತ್ತಾನೆ, ಹತ್ತಿರದ ನರ ಹಿಡಿದರೆ ಹಿಡಿಯಿತು ಎಂಬುದು ಬಹುಕಾಲದ ನಂಬಿಕೆ. ಇಂಥ ಕೋಶಗಳಲ್ಲಿ ಹಲವು ಬಗೆಗಳಿವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಈಕ್ವೆಡೋರ್ ದೇಶದಿಂದ ಬಂದ ಡಿಯೆಗೊ ಬೊಹೋರ್ಕೆಸ್ ಮತ್ತು ಸಂಗಡಿಗರು ಹೆಗ್ಗಣವಲ್ಲ, ಚಿಟ್ಟಿಲಿಯ ಕರುಳಿನಲ್ಲಿ ಇವನ್ನು ನೋಡುತ್ತಿದ್ದಾಗ, ಕೆಲವು ಕೋಶಗಳ ಬುಡದಿಂದ ಕಾಲಿನಂಥ ಒಂದು ಚಾಚು ಹೊರಟು ನರದ ಎಳೆಯನ್ನು ಮುಟ್ಟಿ ನಿಂತಿರುವುದು ಕಂಡಿತು. 2018ರಲ್ಲಿ ಅವರು, ಸಕ್ಕರೆ ತಾಗಿದ ಕೂಡಲೇ ಈ ಕೋಶ ವೇಗಸ್ ನರಕ್ಕೆ ಗ್ಲುಟಮೇಟ್ ಎಂಬ ವಸ್ತುವಿನ ಮೂಲಕ, ಸೆಕೆಂಡಿನ ಸಣ್ಣ ಅಂಶದಲ್ಲಿ ಸುದ್ದಿ ಮುಟ್ಟಿಸುವುದನ್ನು ಪ್ರಕಟಿಸಿದರು. ನಾಲಿಗೆಯ ರುಚಿಕೋಶ ನರಕ್ಕೆ ಅಂಟಿಕೊಂಡಿರುವ ಹಾಗೆಯೇ ಇದೂ. ಮೊದಲು ಹೇಳಿದ ಅಲೆಮಾರಿ ನರದ ಎಳೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮಿದುಳು ಕರುಳಿಗೆ ಹೇಳುವುದಕ್ಕಿಂತ ಕರುಳಿನಿಂದ ಕೇಳುವುದೇ ಹೆಚ್ಚು.

ಮೈಕೆಲ್ ಗೆರ್ಷನ್ 1998ರಲ್ಲಿ ತನ್ನ ಪುಸ್ತಕಕ್ಕೆ ‘ಎರಡನೆಯ ಮಿದುಳು’ ಎಂಬ ಹೆಸರಿಟ್ಟ ಮೇಲೆ ಕರುಳಿಗೆ ಆ ಬಿರುದು ಅಂಟಿಕೊಂಡಿದೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕೊಳದ ನೀರಿನಲ್ಲಿ ಬದುಕುವ ಹೈಡ್ರಾ ಎಂಬ ಪುಟ್ಟ ಜೀವಿಗೆ ಮಿದುಳೇ ಇಲ್ಲ. ಅದರ ಮೈಯೆಂದರೆ ಹೊಟ್ಟೆಯ ಚೀಲ, ಚೀಲಕ್ಕೆ ನರದ ಬಲೆ. ತಲೆಯೊಳಗಿನ ಮಿದುಳು ಪ್ರಾಣಿಗಳಲ್ಲಿ ಬಹಳ ತಡವಾಗಿ ಬಂದದ್ದು. ವಯಸ್ಸಿನ ಮರ್ಯಾದೆಯಿಂದ ನೋಡಿದರೆ ಎರಡನೆಯದು ಯಾವುದೆಂದು ಕೇಳಬೇಕಾಗುತ್ತದೆ.

ದ್ವಾರಪಾಲಕನಿದ್ದೂ ಕೇಳುವ ನರವೇ ಇಲ್ಲದಿದ್ದರೆ? ಅಂಥ ಪ್ರಾಣಿಗಳೂ ಹುಟ್ಟುತ್ತವೆ. ಕರುಳಿನ ನರಕೋಶಗಳು ಕರುಳಿನಲ್ಲಿ ಮೊಳೆತವಲ್ಲ. ಫ್ರಾನ್ಸಿನ ನಿಕೋಲ್ ಲ ದುವಾರೆಂ 1973ರಲ್ಲಿ ಕೋಳಿಯ ಭ್ರೂಣಕ್ಕೆ ಲಾವಕ್ಕಿಯ ಕೋಶಗಳನ್ನು ಕಸಿಮಾಡಿ ಇದನ್ನು ತೋರಿಸಿದರು. ಲಾವಕ್ಕಿಯ ಕೋಶದ ನಡುವೆ ಒತ್ತಾದ ಕಪ್ಪು ಚುಕ್ಕೆ ಇರುವುದರಿಂದ ಅದು ಎಲ್ಲಿಗೆ ವಲಸೆ ಹೋದರೂ ಸೂಕ್ಷ್ಮದರ್ಶಕದಲ್ಲಿ ಗುರುತು ಹತ್ತುತ್ತದೆ. ಭ್ರೂಣದ ಬೆನ್ನಿನ ಉದ್ದಕ್ಕೂ ಇರುವ ನರಶಿಖೆಯೆಂಬ ಭಾಗದಿಂದ, ಹೆಚ್ಚಾಗಿ ಕುತ್ತಿಗೆಯ ಬಳಿಯಿಂದ, ಈ ಕೋಶಗಳು ಹೊರಟು, ಬೆಳೆಯುತ್ತಿರುವ ಅನ್ನನಾಳದ ಗೋಡೆ ಹಿಡಿದು ತುದಿಯವರೆಗೆ ನಡೆಯುತ್ತವೆ. ಮನುಷ್ಯನ ಭ್ರೂಣದಲ್ಲಿ ನಾಲ್ಕನೆಯ ವಾರ ಹೊರಟವು ಏಳನೆಯ ವಾರಕ್ಕೆ ಕೊನೆ ಮುಟ್ಟುತ್ತವೆ. ದಾರಿಯಲ್ಲಿ ನಿಂತರೆ ಮುಂದಿನ ಭಾಗಕ್ಕೆ ನರವಿಲ್ಲ. 1886ರಲ್ಲಿ ಕೋಪನ್‌ಹೇಗನ್ನಿನ ಹಿರ್ಷ್‌ಸ್ಪ್ರುಂಗ್ ವರ್ಣಿಸಿದ, ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಬರುವ ರೋಗ ಇದೇ. ನರವಿಲ್ಲದ ತುಂಡು ಸಡಿಲುವುದನ್ನೇ ಅರಿಯದು. ಅದನ್ನು ಕತ್ತರಿಸಿ ತೆಗೆದು, ನರವಿರುವ ಭಾಗವನ್ನು ಕೆಳಕ್ಕೆ ಎಳೆದು ಜೋಡಿಸಿ ಮಗುವನ್ನು ಉಳಿಸುತ್ತಾರೆ.

ಕುದುರೆಗಳಲ್ಲಿ ಇದು ಬಣ್ಣದೊಡನೆ ಬರುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಕೋಶಗಳು ಸಹ ಅದೇ ನರಶಿಖೆಯಿಂದ ವಲಸೆ ಹೋಗುವಂಥವು. ಅಮೆರಿಕದಲ್ಲಿ ಮೈಮೇಲೆ ಬಿಳಿಯ ಮಚ್ಚೆಗಳಿರುವ ಪೇಂಟ್ ತಳಿಯ ಕುದುರೆಗಳನ್ನು ಅಂದಕ್ಕಾಗಿ ಸಾಕುತ್ತಾರೆ. ಅವುಗಳಲ್ಲಿ ಒಂದು ಬಗೆಯ ಮಚ್ಚೆಯ ಗಂಡು ಹೆಣ್ಣುಗಳನ್ನು ಕೂಡಿಸಿದರೆ, ನಾಲ್ಕರಲ್ಲಿ ಒಂದು ಮರಿ ಹಾಲಿನಂತೆ ಬೆಳ್ಳಗೆ, ನೀಲಿ ಕಣ್ಣಿನೊಡನೆ ಹುಟ್ಟಬಹುದು. ಎದ್ದು ನಿಲ್ಲುತ್ತದೆ, ತಾಯಿಯ ಮೊಲೆ ಹುಡುಕಿ ಹಾಲು ಕುಡಿಯುತ್ತದೆ. ಕೆಲವು ಗಂಟೆಗಳಾದ ಮೇಲೆ ಹೊಟ್ಟೆನೋವಿನಿಂದ ಹೊರಳಾಡತೊಡಗುತ್ತದೆ. ಕುಡಿದ ಹಾಲು ಮುಂದಕ್ಕೆ ಹೋಗುವುದಿಲ್ಲ. ಅದರ ಕರುಳಿನ ಬಹುಭಾಗದಲ್ಲಿ ಮೈಸ್ನರನ ಬಲೆಯೂ ಇಲ್ಲ, ಆವರ್‌ಬಾಖನ ಬಲೆಯೂ ಇಲ್ಲ. ನರವಿಲ್ಲದ ಭಾಗ ಅಷ್ಟು ಉದ್ದವಾಗಿರುವುದರಿಂದ ಮಗುವಿಗೆ ಮಾಡುವ ಶಸ್ತ್ರಚಿಕಿತ್ಸೆ ಇಲ್ಲಿ ಸಾಗದು. ಕೆಲವು ದಿನಗಳೊಳಗೆ ಮರಿ ಸಾಯುತ್ತದೆ; ಹೆಚ್ಚಾಗಿ ವೈದ್ಯರೇ ನೋವಿಲ್ಲದಂತೆ ಅದರ ಜೀವ ತೆಗೆಯುತ್ತಾರೆ. ದೋಷವಿರುವ ವಂಶವಾಹಿಯನ್ನು 1998ರಲ್ಲಿ ಗುರುತಿಸಲಾಯಿತು. ಅಂದಿನಿಂದ ಕುದುರೆಯ ಕೇಸರದಿಂದ ಬುಡಸಹಿತ ಕಿತ್ತ ಕೆಲವು ಕೂದಲುಗಳನ್ನು ಪರೀಕ್ಷೆಗೆ ಕಳಿಸಿದರೆ ಸಾಕು, ಆ ದೋಷ ಅದರಲ್ಲಿದೆಯೆ ಇಲ್ಲವೆ ಎಂದು ಗೊತ್ತಾಗುತ್ತದೆ. ಗಂಡು ಹೆಣ್ಣು ಎರಡರಲ್ಲೂ ಇದ್ದರೆ, ತಿಳಿದ ಸಾಕಣೆಗಾರರು ಅವನ್ನು ಕೂಡಿಸುವುದಿಲ್ಲ.